ಹಾಸನದ ಪಿನ್‌ಕೋಡ್ ಒಡೆಯುವ ಕೆಲಸ: ಇಲ್ಲಿವರೆಗೆ ಆಗಿದ್ದು

573201. ಹಾಸನದ ಪ್ರಧಾನ ಅಂಚೆ ಕಚೇರಿಯ ಪಿನ್. ಪಿನ್‌ಕೋಡನ್ನು ಯಾರೂ ಗಣಿತ ನೋಡಿ ಕೊಡುವುದಿಲ್ಲ. ಆದರೂ ಸುಮ್ನೆ ಒಂದು ಕುತೂಹಲ: ನಮ್ಮ ಕಡೆ ಯಾವ ಊರಿನ ಪಿನ್ ಎರಡು ವರ್ಗಗಳ ಮೊತ್ತ ಆಗುತ್ತದೆ? 25 ಅಂದರೆ 3² + 4², ಅಂದರೆ 9 + 16, ಹಾಗೆ. ಕಾಗದ, ಪೆನ್ನು, ಸಾದಾ ಕ್ಯಾಲ್ಕುಲೇಟರ್ ಅಷ್ಟೇ. ಕಂಪ್ಯೂಟರಿಗೆ ಕೊಟ್ಟರೆ ಮಜಾ ಎಲ್ಲಿ?

ಹಾಸನದ ಅಂಕಿ ಕೂಡಿದರೆ 18, ಹಾಗಾಗಿ 9ರಿಂದ ಭಾಗ ಹೋಗುತ್ತದೆ. ಉಳಿದದ್ದು 63689. ಅದರ ವರ್ಗಮೂಲ 252 ಚಿಲ್ಲರೆ, ಅಲ್ಲಿವರೆಗೆ ನೋಡಿದರೆ ಸಾಕು. ಅಷ್ಟರೊಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಿದೆ, ಯಾವುದೂ ಹೋಗಲಿಲ್ಲ. 193 ಅಂತೂ ಆಸೆ ತೋರಿಸಿ ಕೈಕೊಟ್ಟಿತು: 193 × 330 = 63690! ಅಂದಮೇಲೆ 63689 ಅವಿಭಾಜ್ಯ. 4ರಿಂದ ಭಾಗಿಸಿದರೆ ಶೇಷ 1. ಇಂಥ ಅವಿಭಾಜ್ಯ ಯಾವಾಗಲೂ ಎರಡು ವರ್ಗಗಳ ಮೊತ್ತ ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲೇ ಇನ್ನೊಬ್ಬ ಗಣಿತಜ್ಞ ಮರ್ಸೆನ್‌ಗೆ ಬರೆದಿದ್ದ. ಸಾಧಿಸಿ ತೋರಿಸಿದ್ದು ಮುಂದಿನ ಶತಮಾನದ ಆಯ್ಲರ್.

ಆದರೆ ಯಾವ ಎರಡು ವರ್ಗ? ಅದನ್ನು ನಾವೇ ಹುಡುಕಬೇಕು. ವರ್ಗಗಳು 0, 1, 4, 5, 6, 9ರಲ್ಲೇ ಮುಗಿಯುತ್ತವೆ. ಮೊತ್ತದ ಕೊನೆಗೆ 9 ಬರಬೇಕಾದರೆ 0 + 9 ಅಥವಾ 4 + 5. ಅಂದರೆ ಒಂದು ಸಂಖ್ಯೆ 5ರಿಂದ ಭಾಗ ಹೋಗಲೇಬೇಕು. ಇದರಿಂದ ಕೆಲಸ ಬಹಳ ಇಳಿಯಿತು. ಸಿಕ್ಕಿದ್ದು 235² + 92². ಎರಡನ್ನೂ 3ರಿಂದ ಗುಣಿಸಿದರೆ 705² + 276² = 573201. ಹಾಸನ ಪಾಸು.

ಬೇಲೂರು (573115), ಅರಸೀಕೆರೆ (573103), ಹೊಳೆನರಸೀಪುರ (573211) ನೋಡುತ್ತಲೇ ಫೇಲು. ಬೆಸಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 1, ಸಮಸಂಖ್ಯೆಯದ್ದಾದರೆ 0. ಕೂಡಿಸಿದರೆ 3 ಬರೋದೇ ಇಲ್ಲ, ಅಲ್ವಾ? ಈ ಮೂರೂ 3 ಉಳಿಸುತ್ತವೆ.

ಜಾಸ್ತಿ ಖುಷಿ ಕೊಟ್ಟಿದ್ದು ಹಳೇಬೀಡು. 573121 = 17 × 33713. ಎರಡೂ ಅವಿಭಾಜ್ಯ, ಎರಡರ ಶೇಷವೂ 1. 17 = 4² + 1², 33713 = 152² + 103². ಇಂಥ ಎರಡು ಮೊತ್ತಗಳನ್ನು ಗುಣಿಸಿದರೆ ಮತ್ತೆ ಅದೇ ರೂಪ ಬರುತ್ತದೆ. 628ರಲ್ಲಿ ಬ್ರಹ್ಮಗುಪ್ತ ಕೊಟ್ಟ ಸೂತ್ರದಲ್ಲಿ ಇದೂ ಅಡಗಿದೆ. ಅದೂ ಎರಡು ರೀತಿಯಲ್ಲಿ: 711² + 260² ಮತ್ತು 505² + 564². ಹೊಯ್ಸಳೇಶ್ವರ ಗುಡಿಯಲ್ಲೂ ಎರಡು ಗರ್ಭಗುಡಿ ಇದೆಯಲ್ಲ ಅಂತ ನೆನಪಾಗಿ ನಗು ಬಂತು. ಬರೀ ಕಾಕತಾಳೀಯ, ಬಿಡಿ.

ಈಗ ಚಿಕ್ಕಮಗಳೂರು. 577101ರ ಶೇಷ 1 ಇದ್ದರೂ ಒಡೆದರೆ 3 × 7 × 27481. 3, 7ರಂಥ, ಅಂದರೆ 4ರಿಂದ ಭಾಗಿಸಿದಾಗ 3 ಉಳಿಸುವ ಅವಿಭಾಜ್ಯಗಳು ಜೋಡಿಯಾಗಿಯೇ ಬರಬೇಕು. ಹಾಸನದಲ್ಲಿ 3 ಎರಡು ಸಲ ಇತ್ತು, ಇಲ್ಲಿ ಒಂಟಿ. ಫೇಲು. ಶೃಂಗೇರಿ 577139, ಅದೂ 3 ಉಳಿಸುತ್ತದೆ. ಕಡೂರು, ಮೂಡಿಗೆರೆ, ಕೊಪ್ಪ, ತರೀಕೆರೆಗಳಲ್ಲಿ 2ರಿಂದ ಆದಷ್ಟು ಸಲ ಭಾಗಿಸಿ 2ಗಳನ್ನೆಲ್ಲ ತೆಗೆದಮೇಲೆ ಅದೇ ಕಥೆ.

ಸದ್ಯ ಕೈಯಲ್ಲಿರುವುದು ಕಳಸ, 577124. 4 ತೆಗೆದರೆ 144281, ಶೇಷ 1. 47ರ ತನಕ ಯಾವುದೂ ಭಾಗ ಹೋಗಿಲ್ಲ. 379ರ ತನಕ ನೋಡಬೇಕು.