ಆಯಿ ಚಿರತೆ ನೋಡಿದ ದಿನ

"ಮಂಗನ್ನ ನೋಡಲೆ ದುಡ್ಡು ಕೊಟ್ಟು ಶಿವಮೊಗ್ಗದವರೆಗೆ ಹೋಗವಾ?" ಅಂದಳು ಆಯಿ, ನನ್ನಮ್ಮ. ತೋಟಕ್ಕೆ ಬರುವ ಮಂಗಗಳನ್ನು ಓಡಿಸಿ ಓಡಿಸಿ ಅವಳ ಗಂಟಲು ಬಿದ್ದುಹೋಗಿದೆ. ಆ ವಾರವಷ್ಟೇ ಒಂದು ಬಾಳೆಗೊನೆ ಹೋಗಿತ್ತು. ಮಗನಿಗೆ ಏಪ್ರಿಲ್ ರಜೆ. ಅಡಿಕೆ ಸುಲಿಯುವ ಕೆಲಸವೂ ಮುಗಿದಿತ್ತು. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ಇದೆ, ಸಿಂಹ ಇದೆ ಅಂತ ಪುಸಲಾಯಿಸಿ ಅವಳನ್ನು ಕಾರು ಹತ್ತಿಸಿದೆ.

ತ್ಯಾವರೆಕೊಪ್ಪ ನಮ್ಮ ಶಿರಸಿ ಕಡೆಯವರಿಗೆ ಅನುಕೂಲ. ಸಿದ್ದಾಪುರ, ತಾಳಗುಪ್ಪ, ಸಾಗರ, ಆನಂದಪುರ ದಾಟಿದರೆ ಶಿವಮೊಗ್ಗ ಪೇಟೆಗಿಂತ ಸುಮಾರು 10 ಕಿ.ಮೀ. ಮೊದಲೇ ಸಿಗುತ್ತದೆ. 1988ರಲ್ಲಿ ಶುರುವಾದ ಹುಲಿ-ಸಿಂಹ ಸಫಾರಿ ಅದು. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಹೋಗಿದ್ದೆ. ಈಗ ನೆನಪಿರುವುದು ದಾರಿಯಲ್ಲಿ ವಾಂತಿ ಮಾಡಿಕೊಂಡಿದ್ದು ಮಾತ್ರ.

ಕಾರಿನಿಂದ ಇಳಿದು ಐದು ನಿಮಿಷ ಆಗಿರಲಿಲ್ಲ, ಒಂದು ಮಂಗ ಬಂದು ಮಗನ ಕೈಯಲ್ಲಿದ್ದ ಚಿಪ್ಸ್ ಪ್ಯಾಕೆಟ್ಟು ಕಿತ್ತುಕೊಂಡು ಮರ ಹತ್ತಿತು. ಆಯಿ ನನ್ನ ಮುಖ ನೋಡಿದಳು. "ಇದಕ್ಕೂ ಟಿಕೀಟಾ?"

ಸಫಾರಿ ಬಸ್ಸಿನ ಕಿಟಕಿಗೆಲ್ಲ ಕಬ್ಬಿಣದ ಜಾಲರಿ. ದಾರಿಗೆ ಎರಡೆರಡು ಗೇಟು. ಬಸ್ಸು ಒಳಗೆ ಹೋಗಿ ಹಿಂದಿನ ಗೇಟು ಹಾಕಿದ ಮೇಲೇ ಮುಂದಿನದನ್ನು ತೆಗೆಯುತ್ತಾರೆ. "ನಮ್ಮನೆ ಕೊಟ್ಟಿಗೆಗೂ ಹಿಂಗೇ ಮಾಡ್ಸವು" ಅಂದಳು ಆಯಿ. ಜಿಂಕೆಗಳು ಬಂದವು, ಹೋದವು. ಸಿಂಹಗಳು ನೆರಳಲ್ಲಿ ಕಾಲು ಚಾಚಿ ಮಲಗಿದ್ದವು. ಬಿರುಬಿಸಿಲು, ಅವುಗಳದ್ದೇನು ತಪ್ಪು? ಹಿಂದಿನ ಸೀಟಿನವನೊಬ್ಬ ಸೀಟಿ ಹೊಡೆದು ಎಬ್ಬಿಸಲು ನೋಡಿದ. ಡ್ರೈವರು ಬೈದ ಮೇಲೆ ಸುಮ್ಮನಾದ. ಹುಲಿ ಮಾತ್ರ ದಾರಿ ಪಕ್ಕದ ನೀರಿನ ತೊಟ್ಟಿಯಲ್ಲಿ ಸೊಂಟದವರೆಗೆ ಮುಳುಗಿ, ನಮಗೆ ಬೆನ್ನು ಹಾಕಿ ಕೂತಿತ್ತು. ಎರಡೂ ಕಿವಿಗಳ ಹಿಂದೆ ಒಂದೊಂದು ಬಿಳಿ ಮಚ್ಚೆ. ಮುಂದಿನಿಂದ ತೆಗೆದ ಫೋಟೋಗಳಲ್ಲಿ ಅದು ಕಾಣುವುದೇ ಇಲ್ಲ ಅಲ್ವಾ?

ಬಸ್ಸಿಳಿದ ಮೇಲೆ ನಡೆದುಕೊಂಡು ಪ್ರಾಣಿಗಳನ್ನು ನೋಡುವ ಜಾಗ. ಮಗ ಮುಂದೆ ಓಡಿದ. ಆಯಿಗೆ ಮೊಣಕಾಲು ನೋವು, ನಿಧಾನಕ್ಕೆ ಬರುತ್ತಿದ್ದಳು. ಚಿರತೆಯ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟಳು.

ಇಲ್ಲಿ ಕಾಳುವಿನ ಕತೆ ಹೇಳಬೇಕು. ಕಾಳು ನಮ್ಮನೆಯ ನಾಯಿ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಸರಪಳಿ ಮತ್ತು ಕಿತ್ತುಹೋದ ಪಟ್ಟಿ ಮಾತ್ರ ಇತ್ತು. ಕೂಗಿದ್ದು ಯಾರಿಗೂ ಕೇಳಿರಲಿಲ್ಲ, ಅಷ್ಟು ಮಳೆ. ತೋಟದ ಹಸಿ ಮಣ್ಣಿನಲ್ಲಿ ದುಂಡನೆಯ ಹೆಜ್ಜೆ ಮೂಡಿತ್ತು. ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿ ಹೆಜ್ಜೆಯಾದರೆ ಉಗುರು ಕಾಣುತ್ತದೆ. ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ. ನಮಗೆಲ್ಲ ಚಿರತೆ ಅಂದರೆ ಅಷ್ಟೇ: ಒಂದು ಹೆಜ್ಜೆ, ಒಂದು ಖಾಲಿ ಸರಪಳಿ. ಎಪ್ಪತ್ತೆರಡು ವರ್ಷ ಬೆಟ್ಟದ ಬುಡದಲ್ಲೇ ಬದುಕಿದರೂ ಆಯಿ ಅದನ್ನು ಕಣ್ಣಾರೆ ನೋಡಿರಲಿಲ್ಲ.

ಈಗ ಅದು ಮರದ ಅಟ್ಟದ ಮೇಲೆ ಮಲಗಿತ್ತು. ಬಾಲ ಕೆಳಗೆ ಇಳಿಬಿದ್ದಿತ್ತು, ತುದಿ ಮಾತ್ರ ಆಗಾಗ ಮಿಸುಕುತ್ತಿತ್ತು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಮೈಮೇಲಿನವು ಬರೀ ಚುಕ್ಕೆಗಳಲ್ಲ. ಮೂರ್ನಾಲ್ಕು ಕಪ್ಪು ಗುರುತು ಸೇರಿ ಒಂದು ಉಂಗುರ, ನಡುವೆ ಸ್ವಲ್ಪ ಗಾಢ ಹಳದಿ.

"ಇದು ದರಕಿನ ಮೇಲೆ ಕೂತ್ರೆ ಯಾರಿಗೆ ಕಾಣ್ತು?" ಅಂದಳು ಆಯಿ.

ನಿಜ. ತೋಟದಲ್ಲಿ ದರಕಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಬಿಸಿಲು ಚೂರು ಚೂರಾಗಿ ಬಿದ್ದಿರುತ್ತದಲ್ಲ, ಥೇಟ್ ಹಾಗೇ ಇತ್ತು ಅದರ ಮೈ.

ಮಗ ಓಡಿ ಬಂದ. ಮುಂದೆ ಕರಡಿ ಇದೆ, ಬನ್ನಿ ಅಂತ ಕೈ ಎಳೆದ. ಆಮೇಲೆ ಚಿರತೆ ನೋಡಿ ಅವನೂ ನಿಂತ. "ಅಮ್ಮಮ್ಮಾ, ನಮ್ಮ ಕಾಳೂನ ತಗಂಡು ಹೋಗಿದ್ದು ಇದೇಯನಾ?"

"ಅಲ್ಲ. ಅದು ಅಲ್ಲೇ ಇದ್ದು."

ಚಿರತೆ ಕಣ್ಣು ಬಿಟ್ಟು ನಮ್ಮ ಕಡೆ ನೋಡಿ ಮತ್ತೆ ಮುಚ್ಚಿತು. ಜಾಲರಿಯ ಈಚೆ ನಿಂತಿದ್ದರೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಯಿ ಸರಿಯಲಿಲ್ಲ. ಕಾಳುವಿಗಾಗಿ ಎರಡು ದಿನ ಸರಿಯಾಗಿ ಊಟ ಮಾಡದವಳು ಅವಳು. ಬೈಯುತ್ತಾಳೆ ಅಂದುಕೊಂಡೆ.

"ಎಷ್ಟು ಚೊಲೋ ಇದ್ದು ಪಾಪಿ" ಅಂದಳು.

ಕರಡಿಯನ್ನೂ ನೋಡಿದೆವು. ಅದು ಗೆದ್ದಲನ್ನು ಬಾಯಿಂದ ಹೀರಿ ತಿನ್ನುತ್ತದೆ ಅಂತ ಹೇಳಿದ್ದಕ್ಕೆ ಮಗ ದಾರಿಯುದ್ದಕ್ಕೂ ಹೀರುವ ಸದ್ದು ಮಾಡುತ್ತಾ ಬಂದು ತಲೆ ತಿಂದ. ಸಾಗರದಲ್ಲಿ ಚಾ ಕುಡಿದೆವು. ಆಯಿ ಜಾಸ್ತಿ ಮಾತಾಡಲಿಲ್ಲ.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಹೊಸ ಮರಿ ರಾಜ ಅಂಗಳದಲ್ಲಿ ಕುಣಿಯುತ್ತಿತ್ತು. ಆಯಿ ಕಾಲು ಸಹ ತೊಳೆಯಲಿಲ್ಲ, ಮೊದಲು ಅದನ್ನು ಎತ್ತಿ ಜಗಲಿಗೆ ಹಾಕಿ ಬಾಗಿಲು ಎಳೆದಳು. ಆಮೇಲೆ ಟಾರ್ಚು ತಂದು ಮೆಟ್ಟಿಲ ಮೇಲೆ ನಿಂತು ಬೆಟ್ಟದ ಕಡೆ ಬೆಳಕು ಬಿಟ್ಟಳು.

"ಎಂತದೇ ಆಯಿ?"

"ಎಂತದೂ ಇಲ್ಲೆ. ಸುಮ್ನೆ" ಅಂದಳು. ಟಾರ್ಚು ದರಕಿನ ಮೇಲೆ ನಿಧಾನಕ್ಕೆ ಓಡಾಡುತ್ತಲೇ ಇತ್ತು.