ಸುರಂಗದ ಚಿತ್ರ, ಕೆಳಗೊಂದು ಚೀಟಿ

2024 ನವೆಂಬರ್ 17, ಭಾನುವಾರ
ಬದಿಯಡ್ಕ

ಇವತ್ತು ಮಕ್ಕಳ ಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ಪ್ರತಿ ಚಿತ್ರದ ಕೆಳಗೂ ಒಂದು ಚೀಟಿ. ಚಿತ್ರದ ಅರ್ಥವನ್ನು ಅದರಲ್ಲಿ ಬರೆದಿರಬೇಕು ಅಂತ ನಿಯಮ ಮಾಡಿದ್ದರಂತೆ. ನನಗೆ ಇದು ಚೂರೂ ಇಷ್ಟವಾಗಲಿಲ್ಲ. ಬಂದವರೆಲ್ಲ ಮೊದಲು ಚೀಟಿ ಓದುತ್ತಿದ್ದರು. ಆಮೇಲೆ ಚಿತ್ರದ ಮೇಲೆ ಸುಮ್ನೆ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದರು.

ಆರನೇ ಕ್ಲಾಸಿನ ಹುಡುಗಿಯೊಬ್ಬಳ ಚಿತ್ರದ ಮುಂದೆ ತುಂಬ ಹೊತ್ತು ನಿಂತೆ. ಹಾಳೆ ತುಂಬ ಮುರಕಲ್ಲಿನ ಕೆಂಪು. ನಡುವೆ ಕಪ್ಪು. ಆ ಕಪ್ಪಿನೊಳಗೆ ಒಂದು ಮೇಣದ ಬತ್ತಿ, ಅದರಾಚೆ ಬಗ್ಗಿದ ಒಂದು ಬೆನ್ನು. ಚೀಟಿಯಲ್ಲಿ ಇದ್ದದ್ದು: "ಇದು ಸುರಂಗ. ನೀರೇ ಜೀವ. ನೀರನ್ನು ಉಳಿಸೋಣ." ಯಾರೋ ದೊಡ್ಡವರು ಹೇಳಿ ಬರೆಸಿದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಚಿತ್ರದಲ್ಲಿ ಒಂದು ಹನಿ ನೀರೂ ಇಲ್ಲ.

ಅವಳನ್ನೇ ಕೇಳಿದೆ. "ಅಜ್ಜ ಒಳಗೆ ಹೋದ ಮೇಲೆ ಕಾಣುವುದೇ ಇಲ್ಲ ಅಲ್ವಾ, ಅದು" ಎಂದಳು.

ನಮ್ಮ ಕಾಸರಗೋಡಿನ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರೆ. ಒಬ್ಬರು ನುಗ್ಗುವಷ್ಟೇ ಜಾಗ. ಕೊರೆಯುವವರು ಜೊತೆಗೆ ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಬತ್ತಿ ಮಂಕಾಯಿತು ಅಂದರೆ ಒಳಗೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಅವಳ ಮಾತು ಕೇಳಿದ ಮೇಲೆ ಮತ್ತೆ ಚಿತ್ರ ನೋಡಿದೆ. ಬತ್ತಿಯ ಉರಿಯನ್ನು ಅಜ್ಜನ ತಲೆಗಿಂತ ದೊಡ್ಡದಾಗಿ ಬಿಡಿಸಿದ್ದಳು. ಅವಳ ಹೆದರಿಕೆ ಎಲ್ಲ ಆ ಹಳದಿಯಲ್ಲಿ ಉಂಟು. ಚೀಟಿ ಓದಿದವರಿಗೆ ಇದು ಕಾಣುವುದು ಹೇಗೆ? ನೋಡಿದ ಕಣ್ಣು ಇನ್ನೊಮ್ಮೆ ಚಿತ್ರದ ಕಡೆ ತಿರುಗುವ ಹಾಗೆ ಮಾಡಿದರೆ ಮಾತ್ರ ಆ ಮಾತಿಗೆ ಬೆಲೆ ಅಂತ ನನಗೆ ಅನಿಸುತ್ತದೆ.

ಪಕ್ಕದ ಮನೆಯ ಮಾಷ್ಟ್ರು ಒಪ್ಪಲಿಲ್ಲ. "ಅರ್ಥ ಗೊತ್ತಾಗದಿದ್ದರೆ ನೋಡಿ ಏನು ಪ್ರಯೋಜನ ಮಾರಾಯ್ರೆ?" ಎಂದರು. ರವಿವರ್ಮನ ಶಕುಂತಲೆಯನ್ನು ನೆನಪಿಸಿದರು. ಕಥೆ ಗೊತ್ತಿಲ್ಲದವನಿಗೆ ಅವಳು ಕಾಲಿನ ಮುಳ್ಳು ತೆಗೆಯುವ ಹೆಣ್ಣು, ಅಷ್ಟೇ. ಮುಳ್ಳು ಬರೀ ನೆಪ, ಅವಳು ತಿರುಗಿ ನೋಡುತ್ತಿರುವುದು ದುಷ್ಯಂತನನ್ನು ಅಂತ ಯಾರಾದರೂ ಹೇಳಲೇಬೇಕು. ಅದು ನಿಜ. ಕಥೆ ಹೇಳುವ ಮಾತು ಬೇಕು. ಆದರೆ ಆ ಕತ್ತು ತಿರುಗಿದ ರೀತಿ? ಕಥೆ ಬಾಯಿಪಾಠ ಇದ್ದವರೂ ಅದನ್ನು ನೋಡಿಯೇ ತಿಳಿಯಬೇಕು.

ಕೆಲವು ಸಲ ಮಾತು ಚಿತ್ರವನ್ನು ಮುಚ್ಚಿಯೂ ಬಿಡುತ್ತದೆ. ಡಚ್ ಚಿತ್ರಕಾರ ವ್ಯಾನ್ ಗೋ ಬಿಡಿಸಿದ ಗೋಧಿ ಹೊಲದ ಕಾಗೆಗಳನ್ನೇ ನೋಡಿ. 1890ರ ಜುಲೈ ತಿಂಗಳ ಚಿತ್ರ. ಅದೇ ತಿಂಗಳು 29ಕ್ಕೆ ಅವನು ತೀರಿಕೊಂಡ. ಅದೇ ಅವನ ಕೊನೆಯ ಚಿತ್ರ ಎಂಬ ಮಾತು ಹಬ್ಬಿತು, ಕಾಗೆಗಳೆಲ್ಲ ಸಾವಾದವು. ಕೊನೆಯದು ಮರದ ಬೇರುಗಳ ಚಿತ್ರ ಅಂತ ಈಗ ತಜ್ಞರು ಹೇಳುತ್ತಾರೆ. ಆ ದಿನಗಳ ಹೊಲದ ಚಿತ್ರಗಳ ಬಗ್ಗೆ ಅವನೇ ತಮ್ಮನಿಗೆ ಕಾಗದ ಬರೆದಿದ್ದ. ದುಃಖ, ವಿಪರೀತ ಒಂಟಿತನ ತೋರಿಸಲು ನೋಡಿದ್ದೇನೆ ಎಂದ. ಹಳ್ಳಿಯಲ್ಲಿ ಆರೋಗ್ಯ ಕೊಡುವಂಥದ್ದು, ಬಲ ಕೊಡುವಂಥದ್ದು ಏನು ಕಂಡೆನೋ ಅದನ್ನು ಮಾತಲ್ಲಿ ಹೇಳಲಾರೆ, ಚಿತ್ರಗಳೇ ಹೇಳುತ್ತವೆ ಅಂತಲೂ ಅದೇ ಕಾಗದದಲ್ಲಿ ಉಂಟು. ಒಂಟಿತನದ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಬಲದ ಮಾತು ಹಿಂದೆ ಬಿತ್ತು. ನನಗಂತೂ ಆ ಹಳದಿ ಹೊಲದಲ್ಲಿ ಎರಡೂ ಕಾಣುತ್ತವೆ.

ಶನಿವಾರ ಊರಲ್ಲಿ ಯಕ್ಷಗಾನದ ಆಟ ಉಂಟು. ಆ ಹುಡುಗಿಗೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ರಕ್ಕಸನ ಬಣ್ಣದ ವೇಷ ಬರೆಯುವುದನ್ನು ನೋಡಬೇಕಂತೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕಿಗಳನ್ನು, ಇಡುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ರಕ್ಕಸ ಯಾರು, ಯಾಕೆ ಬಂದ ಅಂತ ಅವನೇ ಬಾಯಿ ಬಿಟ್ಟು ಹೇಳುವುದು ಆಮೇಲೆ. ಅದಕ್ಕೆ ಮೊದಲೇ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತದೆ. ಚಿತ್ರದ ಪುಸ್ತಕ ತರಲು ಹೇಳಿದ್ದೇನೆ.