ಬದುವಿನ ಮೇಲೆ ಒಂದು ನಕ್ಷತ್ರ ಆಮೆ

ನಮ್ಮ ಮಡಕಶಿರಾ ಕಡೆ ನಿನ್ನೆ ರಾತ್ರಿ ಒಳ್ಳೆ ಮಳೆ. ಬೆಳಗ್ಗೆ ಮಗಳ ಜೊತೆ ಕಡ್ಲೆಕಾಯಿ ಹೊಲಕ್ಕೆ ಹೋದರೆ ಬದುವಿನ ಮೇಲೆ ನಕ್ಷತ್ರ ಆಮೆ! ಚಿಪ್ಪಿನ ಒಂದೊಂದು ಉಬ್ಬಿನ ನೆತ್ತಿಯಿಂದಲೂ ಹಳದಿ ಗೆರೆಗಳು ಕೆಳಗೆ ಹರಡಿದ್ದವು. ಒಣಹುಲ್ಲಲ್ಲಿ ಕೂತರೆ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ. ನಮ್ಮ ನೆರಳು ಬಿದ್ದದ್ದೇ ತಡ, ಬುಸ್ ಅಂತ ಉಸಿರು ಬಿಟ್ಟು ತಲೆ ಒಳಗೆಳೆದುಕೊಂಡಿತು.

ಸುಮ್ನೆ ಕೂತೆವು. ಮೊದಲು ಮೂಗು ಬಂತು, ಆಮೇಲೆ ಕಣ್ಣು, ಆಮೇಲೆ ಕತ್ತು. ಗರಿಕೆ ತುದಿ ಕಚ್ಚಿ ಎಳೆಯತೊಡಗಿತು. ಬೇಸಿಗೆಯಲ್ಲಿ ಬಿಸಿಲೇರಿದರೆ ಪೊದೆ ಬಿಟ್ಟು ಕದಲುವುದಿಲ್ಲ. ಮಳೆಗಾಲವೇ ಇವುಗಳ ಸುಗ್ಗಿ. ಓಡಾಟ, ಮೇವು, ಜೋಡಿ ಹುಡುಕುವುದು ಎಲ್ಲ ಆಗಲೇ ಜಾಸ್ತಿ. ಹೆಣ್ಣು ಗಂಡಿಗಿಂತ ದೊಡ್ಡದು. ಗಟ್ಟಿ ನೆಲವನ್ನು ಮೂತ್ರದಿಂದ ನೆನೆಸಿ, ಹಿಂಗಾಲಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಎಷ್ಟು ಜಾಣತನ ಅಲ್ವಾ?

ಮನೆಯಲ್ಲಿಟ್ಟರೆ ಅದೃಷ್ಟ ಅಂತ ಇದನ್ನು ಹಿಡಿದು ಮಾರುವವರಿದ್ದಾರೆ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಿದರು. ಆದರೂ ಕಳ್ಳಸಾಗಣೆಯ ಸುದ್ದಿ ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

"ಅಪ್ಪಾ, ಮನೆಗೆ ತಗೊಂಡು ಹೋಗೋಣ್ವಾ?" ಅಂದಳು ಮಗಳು.

"ಬೇಡ ಪುಟ್ಟಾ, ಅದು ಮನೇಲೇ ಇದೆ" ಅಂದೆ.

ಕತ್ತಾಳೆ ಬೇಲಿಯ ಸಂದಿಯಲ್ಲಿ ಅದು ನುಸುಳಿ ಮರೆಯಾಗುವವರೆಗೂ ಇಬ್ಬರೂ ನೋಡುತ್ತಾ ನಿಂತೆವು.